ಡಿಮ್ಮು, ಬ್ರೈಟು, ಅರ್ತ್: ನೀಲಗಿರಿಯ ಒಂದು ಪಿಕಪ್ಪಿನ ಹೆಡ್‌ಲೈಟ್ ದೋಷ ಮತ್ತು ಗ್ಯಾರೇಜಿನ ಮಾತು

ವೃತ್ತಿಭಾಷೆಯ ಈ ಗೋಷ್ಠಿಗೆ ಹೆಚ್ಚಿನವರು ನೇಯ್ಗೆ, ಕುಂಬಾರಿಕೆ, ಬೇಸಾಯದ ಪದಗಳನ್ನು ಆರಿಸಿಕೊಂಡಿದ್ದೀರಿ. ನಾನು ಆರಿಸಿಕೊಂಡಿರೋದು ಹೆಡ್‌ಲೈಟ್ ವೈರಿಂಗ್. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲೇ ಬೇಸಾಯದ ವೃತ್ತಿಪದಕೋಶ ತಂದರು. ಆ ಮಾದರಿ ನಮ್ಮೆಲ್ಲರ ಮುಂದಿದೆ. ಆದರೆ ಗ್ಯಾರೇಜಿನ ಪದಗಳನ್ನು ಬರೀ ಪಟ್ಟಿ ಮಾಡಿದರೆ ಪ್ರಯೋಜನ ಕಡಿಮೆ ಅನ್ನಿಸುತ್ತದೆ. ದೀಪ ಕೆಟ್ಟಾಗ ಒಂದು ಪದ ಏನು ಕೆಲಸ ಮಾಡುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನೋದು ಮುಖ್ಯ. ಹಾಗಾಗಿ ಇವತ್ತು ಒಂದೇ ಗಾಡಿಯ ಒಂದೇ ದೋಷದ ಬಗ್ಗೆ ಮಾತಾಡುತ್ತೇನೆ.

ಗಾಡಿ ನಮ್ಮ ಸೋದರಮಾವನದು. ಊಟಿ ಕಡೆಯ ಕ್ಯಾರೆಟ್, ಕೋಸು ತುಂಬಿಕೊಂಡು ಒಮ್ಮೆ ಮೇಟ್ಟುಪಾಳ್ಯಕ್ಕೆ, ಒಮ್ಮೆ ಮೈಸೂರಿಗೆ ಹೋಗುವ ಪಿಕಪ್. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. 2009ರಿಂದ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಲೋಡು ಹೊತ್ತವರು ಒಂದೋ ಮುಚ್ಚುವ ಮೊದಲೇ ಕಾಡು ದಾಟಬೇಕು, ಇಲ್ಲಾಂದ್ರೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಎರಡೂ ಕತ್ತಲೆ, ಮಂಜಿನ ಹೊತ್ತೇ. ರಸ್ತೆ ಬದಿ ಆನೆ ನಿಂತಿದ್ದರೆ ಅದು ಬೂದು ಬಣ್ಣದ ಇನ್ನೊಂದು ಕತ್ತಲೆ ಅಷ್ಟೆ.

ಮೊದಲು, ಹೊಸ ವೈರಿಂಗ್ ಯಾಕೆ ಬೇಕಾಯಿತು ಎಂಬುದು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರೋದು ಎಚ್4 ಬಲ್ಬು: ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, 60 ಮತ್ತು 55 ವಾಟ್. ಬ್ರೈಟ್ ಹಾಕಿದಾಗ ಎರಡು ಬಲ್ಬಿಗೂ ಸೇರಿ ಸುಮಾರು 10 ಆಂಪಿಯರ್ ಹರಿಯುತ್ತದೆ. ಮಾವನ ಗಾಡಿಯಲ್ಲಿ ಅಷ್ಟೂ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚಿನೊಳಗೆ, ಸಪೂರ ವೈರಿನಲ್ಲೇ ಸುತ್ತಿಕೊಂಡು ಬರುತ್ತಿತ್ತು. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 11.6. ಕಡಿಮೆಯಾದದ್ದು ಎರಡು ವೋಲ್ಟೇ ಅಂತ ತಳ್ಳಿಹಾಕುವ ಹಾಗಿಲ್ಲ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜ್ ಹತ್ತು ಪಾಲಿನಲ್ಲಿ ಒಂದು ಪಾಲು ಇಳಿದರೆ ಬೆಳಕು ಮೂರು ಪಾಲು ಹೋಗುತ್ತದೆ. ಮಾವನ ಗಾಡಿಗೆ ಸಿಗುತ್ತಿದ್ದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಳಕು.

ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದೇ: ರಿಲೇ ಇರುವ ರೆಡಿಮೇಡ್ ಕಿಟ್. ಹಳೆಯ ವೈರು ರಿಲೇಯ 85, 86 ನಂಬರಿನ ಕಾಲುಗಳಿಗೆ ಸಣ್ಣ ಸನ್ನೆ ಮಾತ್ರ ಕೊಡುತ್ತದೆ. ದೊಡ್ಡ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ, 30ರಿಂದ ಒಳಬಂದು 87ರಿಂದ ನೇರ ಬಲ್ಬಿಗೆ ಹೋಗುತ್ತದೆ. ಕಿಟ್ ಹಾಕಿದ ಮೇಲೆ ಎರಡು ತಿಂಗಳು ರಸ್ತೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತಂತೆ. ಜುಲೈ ಮಳೆ ಹಿಡಿಯಿತು, ಎಡಗಡೆ ದೀಪ ಕೆಟ್ಟಿತು.

ಮಾವ ಎಲೆಕ್ಟ್ರಿಷಿಯನ್‌ಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಎಡಗಡೆ ಡಿಮ್ ಆಗಿದೆ.’ ಗ್ಯಾರೇಜಿನಲ್ಲಿ ‘ಡಿಮ್ಮು’ ಅಂದರೆ ಕೆಳಗೆ ಬೀಳುವ ಬೆಳಕು, ‘ಬ್ರೈಟಿ’ನ ವಿರುದ್ಧ ಪದ. ಮನೆ ಮಾತಿನಲ್ಲಿ ಡಿಮ್ ಅಂದರೆ ಮಂಕು. ಮಾವ ಎರಡನೆಯ ಅರ್ಥದಲ್ಲಿ ಹೇಳಿದರು, ಅವರು ಮೊದಲನೆಯದನ್ನು ಕೇಳಿಸಿಕೊಂಡರು. ಡಿಮ್ಮಿನಿಂದ ಬ್ರೈಟಿಗೆ ಹೋಗುತ್ತಿಲ್ಲ ಅಂತ ತಿಳಿದು ರಿಲೇ ಬದಲಾಯಿಸಿದರು, ಆಮೇಲೆ ಬಲ್ಬು ಬದಲಾಯಿಸಿದರು. ಯಾವುದೂ ಕೆಟ್ಟಿರಲಿಲ್ಲ. ನೋಡಿದ್ದನ್ನು ನೋಡಿದ ಹಾಗೇ ಹೇಳಿದ್ದರೆ ಮಾತು ಬೇರೆ ಇತ್ತು: ಎಡಗಡೆ ಬಲ್ಬಿನಲ್ಲಿ ಎರಡೂ ಫಿಲಮೆಂಟ್ ಕೆಂಡದ ಹಾಗೆ ಸಣ್ಣಗೆ ಉರಿಯುತ್ತಿವೆ, ಡಿಮ್ಮಿಗೆ ಹಾಕಿದರೂ ಬ್ರೈಟಿಗೆ ಹಾಕಿದರೂ ಅಷ್ಟೇ. ಇದು ರಿಲೇಯ ಲಕ್ಷಣವೇ ಅಲ್ಲ.

ಎಚ್4 ಬಲ್ಬಿಗೆ ಮೂರು ಕಾಲು: ಡಿಮ್ಮಿಗೊಂದು, ಬ್ರೈಟಿಗೊಂದು, ಎರಡಕ್ಕೂ ಸೇರಿ ಅರ್ತ್ ಒಂದು. ಆ ಮೂರನೆಯದು ತಪ್ಪಿದರೆ ಕರೆಂಟು ಸುಮ್ಮನಿರುವುದಿಲ್ಲ. ಎಡಗಡೆಯ ಡಿಮ್ ಫಿಲಮೆಂಟಿನಿಂದ ಎಡಗಡೆಯದೇ ಬ್ರೈಟ್ ಫಿಲಮೆಂಟಿಗೆ ನುಗ್ಗಿ, ಬ್ರೈಟಿನ ವೈರಿನಲ್ಲಿ ಹಿಮ್ಮುಖವಾಗಿ ಬಲಗಡೆ ಬಲ್ಬಿಗೆ ಹೋಗಿ, ಅಲ್ಲಿನ ಅರ್ತ್ ಹಿಡಿಯುತ್ತದೆ. ಒಂದರ ಪಾಲಿನ ವೋಲ್ಟೇಜನ್ನು ಮೂರು ಫಿಲಮೆಂಟ್ ಹಂಚಿಕೊಂಡಾಗ ಸಿಗೋದು ಕೆಂಡದ ಬೆಳಕೇ. ಇದನ್ನು ಪರೀಕ್ಷಿಸಲು ಮೀಟರೂ ಬೇಡ. ದೀಪ ಉರಿಯುತ್ತಿರುವಾಗ ಬಲಗಡೆಯ ಹೋಲ್ಡರ್ ಎಳೆದುಬಿಡಿ. ಎಡಗಡೆಯದೂ ಪೂರ್ತಿ ಆರಿದರೆ, ಅದು ಇಷ್ಟು ಹೊತ್ತು ಪಕ್ಕದ ಮನೆಯ ಅರ್ತ್‌ನಲ್ಲಿ ಬದುಕಿತ್ತು ಅಂತ. ನಾವು ಎಳೆದೆವು, ಆರಿತು.

ಇಲ್ಲೊಂದು ತಕರಾರು. ಎಲೆಕ್ಟ್ರಿಷಿಯನ್ ಮೊದಲೇ ಮೀಟರ್ ಇಟ್ಟು ನೋಡಿದ್ದರು: ಅರ್ತ್ ಕಾಲಿನಿಂದ ಬಾಡಿಗೆ ‘ಬೀಪ್’ ಬಂದಿತ್ತು. ಹಾಗಾಗಿ ‘ಅರ್ತ್ ಪಕ್ಕಾ ಇದೆ’ ಅಂದಿದ್ದರು. ಬೀಪ್ ಬಂದದ್ದೂ ನಿಜವೇ. ತಣ್ಣಗಿರುವ ಫಿಲಮೆಂಟಿನ ರೋಧ ಬಿಸಿಯಾದಾಗ ಇರುವುದರ ಹತ್ತನೇ ಒಂದು ಭಾಗದ ಆಸುಪಾಸು, ಒಂದು ಓಮ್‌ಗೂ ಕಡಿಮೆ. ಮೀಟರಿನ ಸಣ್ಣ ಕರೆಂಟು ಅದೇ ಸುತ್ತುದಾರಿಯಲ್ಲಿ ಹೋಗಿ ಬೀಪ್ ಅನ್ನುತ್ತದೆ. ಆದ್ದರಿಂದ ಆರಿದ ದೀಪದಲ್ಲಿ, ಬಲ್ಬು ಕೂತಿರುವಾಗ ಬೀಪ್ ನಂಬಬಾರದು. ದೀಪ ಉರಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಬಲ್ಬಿನ ಅರ್ತ್ ಕಾಲಿಗೆ ಹಿಡಿದು ವೋಲ್ಟ್ ನೋಡಬೇಕು. ಹೆಚ್ಚುಕಡಿಮೆ ಸೊನ್ನೆ ಬರಬೇಕು. ನಮಗೆ ಬಂದದ್ದು 8ರ ಹತ್ತಿರ.

ಕಾರಣ ಸಿಕ್ಕಿದ್ದು ಜಾಲರಿಯ ಹಿಂದೆ. ಕಿಟ್ ಕೂರಿಸಿದವರು ಎಡಗಡೆಯ ಅರ್ತ್ ಥಿಂಬಲ್ಲನ್ನು ಪೇಂಟ್ ಹೊಡೆದ ತಗಡಿನ ಪಟ್ಟಿಯ ಮೇಲೇ ಬೋಲ್ಟ್ ಮಾಡಿದ್ದರು. ಬೋಲ್ಟಿನ ಗೀರಿನಲ್ಲಿ ಸಿಕ್ಕಷ್ಟು ಲೋಹದ ಸಂಪರ್ಕದಲ್ಲೇ ಎರಡು ತಿಂಗಳು ಉರಿದಿದೆ. ಮಂಜು ಇಳಿದು ತುಕ್ಕು ಹಿಡಿದಾಗ ಅದೂ ಹೋಯಿತು. ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ವ್ಯಾಸಲೀನ್ ಸವರಿ, ಜೊತೆಗೆ ಬ್ಯಾಟರಿಯ ನೆಗೆಟಿವ್‌ನಿಂದಲೇ ಇನ್ನೊಂದು ದಪ್ಪ ವೈರು ಎಳೆದದ್ದಾಯಿತು. ಮೀಟರು 0.1 ತೋರಿಸಿತು.

ಈಗ ಪದಕ್ಕೆ ಬರುತ್ತೇನೆ. ಪಠ್ಯಪುಸ್ತಕದ ಕನ್ನಡದಲ್ಲಿ ‘ಭೂಸಂಪರ್ಕ’ ಅಂತೇವೆ. ಮನೆಯ ವೈರಿಂಗಿಗೆ ಅದು ಸರಿ. ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕ ಎಲ್ಲಿಯದು? ಇಲ್ಲಿ ಅರ್ತ್ ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ‘ಬಾಡಿ’ ಎಂಬ ಗ್ಯಾರೇಜಿನ ಪರ್ಯಾಯವೇ ನಿಖರ. ತಮಿಳು, ಬಡಗ, ಮಲಯಾಳಂ, ಕನ್ನಡ ಎಲ್ಲ ಬೆರೆಯುವ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಅರ್ತ್ ಬರ್ತಿಲ್ಲ’ ಅಂತಾರೆ. ಕನ್ನಡ ಎಂ.ಎ. ಓದುವವರ ಕಿವಿಗೆ ಅದು ‘ಅರ್ಥ’ ಅಂತಲೇ ಬೀಳುತ್ತದೆ, ನಗುವಿರಲಿ. ನನಗೆ ಮುಖ್ಯವಾಗಿ ಕಂಡದ್ದು ‘ಬರ್ತಿಲ್ಲ’ ಎಂಬ ಕ್ರಿಯಾಪದ. ಕರೆಂಟಿನ ಹಾಗೆ ಅರ್ತ್ ಕೂಡ ದೀಪದವರೆಗೆ ಬಂದು ಸೇರಬೇಕಾದ ವಸ್ತು ಎಂದು ಈ ಮಾತು ಹಿಡಿಯುತ್ತದೆ. ಭೌತಶಾಸ್ತ್ರದ ಕಣ್ಣಿಗೆ ಇದು ತಲೆಕೆಳಗು. ದೋಷ ಹುಡುಕುವವರಿಗೆ ಮಾತ್ರ ಎರಡು ಬರವನ್ನೂ ಬೇರೆಬೇರೆಯಾಗಿ ನೋಡು ಅಂತ ನೆನಪಿಸುವ ಮಾತು. ಪದಕೋಶದಲ್ಲಿ ‘ಅರ್ತ್’ ನಮೂದಿನ ಜೊತೆ ಈ ಕ್ರಿಯಾಪದವನ್ನೂ, ‘ಡಿಮ್’ ನಮೂದಿನಲ್ಲಿ ಎರಡೂ ಅರ್ಥಗಳನ್ನೂ ಕೊಡಬೇಕು ಎಂಬುದು ನನ್ನ ವಾದ.

ಇನ್ನೊಂದು ಮಾತು ಉಳಿದಿದೆ. ರಿಲೇ ಇದೆಯಲ್ಲ ಅಂತ 100/90 ವಾಟಿನ ಬಲ್ಬು ಹಾಕುವವರು ಬಹಳ. ಹೋಲ್ಡರಿನ ಪ್ಲಾಸ್ಟಿಕ್ ಕರಗುತ್ತದೆ, ತಿರುವಿನಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ. ಇದ್ದ ಬಲ್ಬಿಗೆ ಪೂರ್ತಿ ವೋಲ್ಟೇಜ್ ಸಿಕ್ಕರೆ ಸಾಕು. ಪಿಕಪ್ಪಿನಲ್ಲಿ ಹಿಂದೆ ಲೋಡು ಬಿದ್ದಾಗ ಮೂತಿ ಮೇಲೇಳುತ್ತದೆ, ಡಿಮ್ಮೂ ಬ್ರೈಟಿನ ಹಾಗೆ ಮೇಲಕ್ಕೆ ಹೊಡೆಯುತ್ತದೆ. ಮಾವ ಈಗ ಕ್ಯಾರೆಟ್ ಮೂಟೆ ತುಂಬಿದ ಮೇಲೆಯೇ ಗೋಡೆಗೆ ಬೆಳಕು ಬಿಟ್ಟು ಸ್ಕ್ರೂ ತಿರುಗಿಸುತ್ತಾರೆ. ಪ್ರಶ್ನೆಗಳಿದ್ದರೆ ಕೇಳಬಹುದು.