ಕುಶಾಲು ಯಾರದ್ದು, ಜಗಳ ಯಾರದ್ದು?

ಕುಂದಾಪುರ ಸೀಮೆಯಲ್ಲಿ ಹಾಲಾಡಿ, ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಎಂದರೆ ಊರೂ ಹೌದು, ಯಕ್ಷಗಾನ ಮೇಳವೂ ಹೌದು. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮಳೆಗಾಲದ ಹೊಸ್ತಿಲಿನ ತನಕ ಹರಕೆಯಾಟ ಆಡುತ್ತದೆ. ಆ ಆಟದಲ್ಲಿ ಹಾಸ್ಯಗಾರನಿಗೆ ಇರುವಷ್ಟು ಸಲುಗೆ ಬೇರೆ ಯಾವ ವೇಷಕ್ಕೂ ಇಲ್ಲ. ದೂತನಾಗಿ, ಬಾಗಿಲು ಕಾಯುವವನಾಗಿ, ಮಂಥರೆಯಾಗಿ, ಬಾಹುಕನಾಗಿ ರಂಗಕ್ಕೆ ಬಂದವನು ಅರಸನನ್ನೂ ಕುಟುಕುತ್ತಾನೆ, ಊರಿನ ದೊಡ್ಡವರನ್ನೂ ಚುಚ್ಚುತ್ತಾನೆ. ಅವನ ಮಾತು ಬರೆದಿಟ್ಟದ್ದಲ್ಲ, ಅಲ್ಲಲ್ಲೇ ಹುಟ್ಟುವಂಥದ್ದು. ಆದರೆ ಆ ಸಲುಗೆಗೆ ಕಟ್ಟುಪಾಡುಗಳಿವೆ. ಎದುರು ಕೂತವರು ಯಾರೆಂದು ಅವನಿಗೆ ಗೊತ್ತಿದೆ. ಪ್ರಸಂಗದ ಚೌಕಟ್ಟು ಇದೆ. ಹಿಂದೆ ಭಾಗವತರು ಕೂತಿದ್ದಾರೆ; ಮಾತು ಹದ ಮೀರಿದರೆ ಪದ ಎತ್ತಿ ಆಟವನ್ನು ಮುಂದಕ್ಕೆ ನಡೆಸುತ್ತಾರೆ. ಮನಸ್ಸಿಗೆ ನಾಟಿದವರು ಬಣ್ಣದ ಮನೆಯಾದ ಚೌಕಿಗೇ ಹೋಗಿ ಕೇಳಬಹುದು. ಕರಾವಳಿಯಲ್ಲಿ ಕುಶಾಲು ಎಂದು ಕರೆಯುವುದು ಇಂಥ ನಗೆಯನ್ನು: ಆಡಿದವನಿಗೂ ಆಡಿಸಿಕೊಂಡವನಿಗೂ ನಡುವೆ ಪರಿಚಯದ ಒಂದು ಎಳೆ ಇರುವ ನಗೆ.

ಮೊಬೈಲಿನಲ್ಲಿ ಆ ಎಳೆಯೇ ಇಲ್ಲ. ಮೂವತ್ತು ಸೆಕೆಂಡಿನ ತುಣುಕು ಪ್ರಸಂಗವನ್ನು ಬಿಟ್ಟು, ಊರನ್ನು ಬಿಟ್ಟು, ಆಡಿದವನ ಮುಖಭಾವವನ್ನೂ ಬಿಟ್ಟು ಸಾವಿರಾರು ಅಪರಿಚಿತರ ಕೈಗೆ ಬೀಳುತ್ತದೆ. ಅಲ್ಲಿಂದ ಮುಂದೆ ನಡೆಯುವುದನ್ನು ನಾವು ‘ಹಾಸ್ಯ ಸರಿಯೋ ತಪ್ಪೋ ಎಂಬ ಚರ್ಚೆ’ ಎಂದು ಭಾವಿಸುತ್ತೇವೆ. ಈ ಲೇಖನದ ವಾದ ಬೇರೆ. ಇಲ್ಲಿರುವುದು ಎರಡು ಪ್ರಶ್ನೆ. ಕುಶಾಲಿನಿಂದ ಯಾರಿಗೆ ನೋವಾಯಿತು ಎಂಬುದು ಒಂದು. ಜಗಳವನ್ನು ಯಾರು ನಡೆಸುತ್ತಿದ್ದಾರೆ ಎಂಬುದು ಇನ್ನೊಂದು. ಇವೆರಡರ ಉತ್ತರ ಒಂದೇ ಆಗಿರುವುದು ತೀರಾ ಅಪರೂಪ. ಜಗಳ ಬಿಸಿಯೇರಿದಷ್ಟೂ ನೊಂದವರು ಅದರಿಂದ ಹೊರಗೆ ಬೀಳುತ್ತಾರೆ. ಅವರ ನೋವನ್ನು ಕೈಯಲ್ಲಿ ಹಿಡಿದುಕೊಂಡವರು ತಮ್ಮ ತಮ್ಮ ಹಳೆಯ ಲೆಕ್ಕ ತೀರಿಸಲು ನಿಲ್ಲುತ್ತಾರೆ.

2025ರ ನವೆಂಬರ್ ಕೊನೆಯಲ್ಲಿ ಗೋವಾದಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಮಾರೋಪವನ್ನೇ ನೋಡಿ. ಕುಂದಾಪುರದ ಕೆರಾಡಿಯವರಾದ ರಿಷಬ್ ಶೆಟ್ಟಿ ಅವರ ‘ಕಾಂತಾರ’ದ ಅಭಿನಯವನ್ನು ಹೊಗಳಲು ಹೊರಟ ಹಿಂದಿ ನಟ ರಣವೀರ್ ಸಿಂಗ್, ದೈವ ಮೈದುಂಬುವ ದೃಶ್ಯವನ್ನು ವೇದಿಕೆಯ ಮೇಲೆ ಅಣಕಿಸಿದರು, ದೈವವನ್ನು ದೆವ್ವ ಎಂಬ ಅರ್ಥದಲ್ಲಿ ಹೆಸರಿಸಿದರು. ತುಣುಕು ಹರಡಿತು, ಕರಾವಳಿ ಕೆರಳಿತು, ಕೆಲವೇ ದಿನಗಳಲ್ಲಿ ಅವರು ಕ್ಷಮೆ ಕೇಳಿದರು, ಪೊಲೀಸ್ ದೂರುಗಳೂ ಬಿದ್ದವು. ಆ ಅಣಕ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಒಂದು ಸೀಮೆ ಕೈಮುಗಿಯುವುದನ್ನು ತಿಳಿಯದೆ ನಗೆಗೆ ಬಳಸಬಾರದು. ಆದರೆ ಜಗಳ ಎತ್ತ ಹೋಯಿತು? ಉತ್ತರವೋ ದಕ್ಷಿಣವೋ, ಹಿಂದಿಯೋ ಕನ್ನಡವೋ, ಯಾರ ಸಿನಿಮಾ ದೊಡ್ಡದು ಎಂಬಲ್ಲಿಗೆ. ದೈವಕ್ಕೆ ಮೈಯೊಡ್ಡುವವರು ಕುಂದಾಪುರ ಕಡೆಯ ಪಾಣರು, ತುಳುನಾಡಿನ ನಲಿಕೆ, ಪಂಬದ, ಪರವ ಸಮುದಾಯದವರು. ಸಿನಿಮಾ ನೋಡಿದ ಅಭಿಮಾನಿಗಳು ಚಿತ್ರಮಂದಿರಗಳಲ್ಲಿ, ಬೀದಿಗಳಲ್ಲಿ ದೈವದಂತೆ ಕುಣಿದಾಗಲೇ ಕರಾವಳಿಯಲ್ಲಿ ಆಕ್ಷೇಪ ಎದ್ದಿತ್ತು. ಹಾಗೆ ಮಾಡಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಸಂಸ್ಥೆಯೇ 2025ರ ಅಕ್ಟೋಬರ್‌ನಲ್ಲಿ ಕೇಳಿಕೊಂಡಿತ್ತು. ಗೋವಾದ ಜಗಳದಲ್ಲಿ ದೊಡ್ಡದಾಗಿ ಕೇಳಬೇಕಿದ್ದದ್ದು ದೈವಕ್ಕೆ ಮೈಯೊಡ್ಡುವ ಇವರ ದನಿ. ಕೇಳಿದ್ದು ನಟರ ಅಭಿಮಾನಿಗಳ ದನಿ.

ಹೀಗಾಗುವುದಕ್ಕೆ ಮನುಷ್ಯರ ಕೆಟ್ಟತನವೊಂದನ್ನೇ ದೂರಿ ಫಲವಿಲ್ಲ. ಅಕ್ಷರದಲ್ಲಿ ಕುಶಾಲು ನಿಲ್ಲುವುದೇ ಕಷ್ಟ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ವ್ಯಂಗ್ಯ ನೂರಕ್ಕೆ 78ರಷ್ಟು ಸಲ ಓದುವವರಿಗೆ ತಿಳಿಯುತ್ತದೆ ಎಂದು ನಂಬಿದ್ದರು. ನಿಜಕ್ಕೂ ತಿಳಿದದ್ದು 56ರಷ್ಟು. ಕಣ್ಣುಮುಚ್ಚಿ ಊಹಿಸಿದರೂ 50 ಸರಿಯಾಗುತ್ತಿತ್ತು. ಅದೇ ಮಾತನ್ನು ದನಿಯಲ್ಲಿ ಕೇಳಿಸಿಕೊಂಡವರು 73ರಷ್ಟು ಸರಿಯಾಗಿ ಗ್ರಹಿಸಿದರು. ಇನ್ನು ಹರಡುವ ಬಗೆ. ವಿಲಿಯಂ ಬ್ರೇಡಿ ಮತ್ತು ಸಂಗಡಿಗರು ಐದು ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರಿಶೀಲಿಸಿ 2017ರಲ್ಲಿ ಕಂಡುಕೊಂಡಂತೆ, ನೀತಿ ಮತ್ತು ಭಾವನೆ ಬೆರೆತ ಒಂದೊಂದು ಪದ ಸೇರಿದಾಗಲೂ ಸಂದೇಶ ಹರಡುವುದು ಸುಮಾರು ನೂರಕ್ಕೆ 20ರಷ್ಟು ಹೆಚ್ಚುತ್ತದೆ. ‘ನನಗೆ ಬೇಸರವಾಯಿತು’ ಎಂಬ ಮಾತು ಇದ್ದಲ್ಲೇ ಇರುತ್ತದೆ, ‘ಇವರಿಗೆ ನಾಚಿಕೆಯಿಲ್ಲ’ ಎಂಬುದು ಊರೂರು ಸುತ್ತುತ್ತದೆ. ಅದೇ ವರ್ಷ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಇನ್ನೊಂದನ್ನು ತೋರಿಸಿದರು. ಬರೆಯುವವರು ಸಮಾಧಾನದಲ್ಲಿದ್ದು, ಮೊದಲ ಪ್ರತಿಕ್ರಿಯೆಗಳು ಸಭ್ಯವಾಗಿದ್ದಾಗ ನೂರಕ್ಕೆ 35 ಮಂದಿ ಕೆಟ್ಟದಾಗಿ ಬರೆದರು. ಮನಸ್ಸು ಕೆಟ್ಟು, ಮೊದಲ ಪ್ರತಿಕ್ರಿಯೆಗಳೂ ಕೆಟ್ಟದ್ದಾಗಿದ್ದಾಗ 68 ಮಂದಿ. ಮೊದಲು ಬರೆದವನ ದಾರಿಯಲ್ಲೇ ಉಳಿದವರು ನಡೆಯುತ್ತಾರೆ. ಭಾಗವತರಿಲ್ಲದ ರಂಗದಲ್ಲಿ ತಾಳ ಹಿಡಿಯುವವನು ಮೊದಲ ಸಿಟ್ಟಿನವನು.

ಈ ತಾಳಕ್ಕೆ ಕುಣಿದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಕರಾವಳಿಯಲ್ಲೇ ಸಾಕ್ಷಿಯಿದೆ. 2022ರ ಜನವರಿಯಲ್ಲಿ ಬಂಟ್ವಾಳ ತಾಲ್ಲೂಕಿನ ಮುಸ್ಲಿಂ ಮದುವೆಯೊಂದರಲ್ಲಿ ವರನಿಗೆ ಕೊರಗಜ್ಜ ದೈವವನ್ನು ಹೋಲುವ ವೇಷ ಹಾಕಿಸಿ ಗೆಳೆಯರು ಕುಣಿದ ವಿಡಿಯೊ ಹರಡಿತು. ಪೊಲೀಸ್ ಪ್ರಕರಣ ದಾಖಲಾಯಿತು. ಒಂದು ಮನೆಯ ಗಮ್ಮತ್ತಿನ ತಪ್ಪಿಗೆ ಇಡೀ ಸಮುದಾಯವೇ ಉತ್ತರ ಕೊಡಬೇಕು ಎಂಬಂಥ ಮಾತುಗಳು ಮೊಬೈಲ್ ತುಂಬ ಹರಿದವು. ನೊಂದವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೊರಗಜ್ಜ, ಅಂದರೆ ಕೊರಗ ತನಿಯ, ತುಳು ಜನಪದ ಹಾಡುಗಳಾದ ಪಾಡ್ದನಗಳ ಪ್ರಕಾರ ಕೊರಗ ಸಮುದಾಯದ ಯುವಕ. ಅದೇ ಸಮುದಾಯವನ್ನು ನಮ್ಮ ಕರಾವಳಿ ತಲೆಮಾರುಗಳ ಕಾಲ ನಗೆಗೆ ಬಳಸಿತು. ಮೈಗೆ ಮಸಿ ಬಳಿದುಕೊಂಡು ‘ಕೊರಗ ವೇಷ’ ಹಾಕಿ ಹಬ್ಬದಲ್ಲಿ ಮನೆಮನೆಗೆ ಹೋಗಿ ನಗಿಸುವುದು ಯಾರಿಗೂ ತಪ್ಪೆನಿಸಿರಲಿಲ್ಲ. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು, ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು ರೂಢಿಯಲ್ಲಿದ್ದವು. ಇವನ್ನೇ ಅಜಲು ಪದ್ಧತಿಯೆಂದು ಗುರುತಿಸಿ ಕರ್ನಾಟಕ 2000ದಲ್ಲಿ ನಿಷೇಧ ಕಾಯ್ದೆ ತರಬೇಕಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇದಕ್ಕಿಂತ ನೇರ ಉದಾಹರಣೆ ಬೇಡ. ದೈವದ ವೇಷಕ್ಕೆ ಕೆರಳಿದ ಸಿಟ್ಟಿನ ಒಂದು ಪಾಲಾದರೂ ಆ ಜೀವಂತ ಮನುಷ್ಯರ ಪರವಾಗಿ ಎದ್ದಿದ್ದರೆ ಅದನ್ನು ನೊಂದವರ ಸಿಟ್ಟು ಎನ್ನಬಹುದಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಸುಮ್ಮನಿದ್ದರೆ ಅಪಮಾನವನ್ನು ಒಪ್ಪಿಕೊಂಡಂತೆ, ಜೋರಾಗಿ ಕೂಗದಿದ್ದರೆ ಯಾರೂ ಕೇಳುವುದಿಲ್ಲ. ಗೋವಾದ ಪ್ರಕರಣದಲ್ಲಿ ಕ್ಷಮೆ ಬಂದದ್ದು ಜನ ದನಿ ಎತ್ತಿದ್ದಕ್ಕೇ, ನಿಜ. ದನಿ ಎತ್ತುವುದು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಕ್ಷಮೆ ಬಂದ ಮೇಲೂ ಮುಂದುವರಿದ ಬೈಗುಳದಿಂದ ಪಾಣರ ಮನೆಗೆ ಏನು ಬಂತು? ಅಜಲಿನ ವಿರುದ್ಧ ಕಾಯ್ದೆ ಬಂದದ್ದು ಬೈಗುಳದಿಂದಲ್ಲ. ಇದು ಅಪಮಾನ, ಇದು ಹೀಗೆ ನಡೆಯುತ್ತದೆ ಎಂದು ಸಮುದಾಯದವರೇ ಸಂಘಟಿತರಾಗಿ ಬಿಡಿಸಿ ಹೇಳಿದ್ದರಿಂದ. ತಪ್ಪನ್ನು ತಪ್ಪೆನ್ನುವುದಕ್ಕೂ ತಪ್ಪು ಮಾಡಿದವನ ಜಾತಿ, ಧರ್ಮ, ತಾಯಿಯನ್ನು ಎಳೆದು ತರುವುದಕ್ಕೂ ಅಂತರವಿದೆ. ಎರಡನೆಯದು ಶುರುವಾದ ಕ್ಷಣ ತಪ್ಪು ಮಾಡಿದವನು ಮರೆಗೆ ಸರಿಯುತ್ತಾನೆ. ಅವನ ಪರ ನಿಲ್ಲಲು ಅವನವರು ಬರುತ್ತಾರೆ. ಕ್ಷಮೆ ಕೇಳುವ ಮನಸ್ಸಿದ್ದವನೂ ಹಠ ಹಿಡಿಯುತ್ತಾನೆ.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು: ಜನರಿಗೆ ಸಹನೆಯೇ ಇಲ್ಲ, ನಗೆಗೂ ಪರವಾನಗಿ ಬೇಕೇ? ಈ ಭಯವೂ ಸುಳ್ಳಲ್ಲ. ಹಾಸ್ಯ ಕಲಾವಿದ ಮುನವ್ವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧನಕ್ಕೆ ಒಳಗಾಗಿ ಒಂದು ತಿಂಗಳಿಗೂ ಹೆಚ್ಚು ಸೆರೆಯಲ್ಲಿದ್ದರು. ಫೆಬ್ರುವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅವರ ಕಾರ್ಯಕ್ರಮ ರದ್ದಾಯಿತು. ಅಲ್ಲಿ ಇನ್ನೂ ಆಡದ ಮಾತಿಗೇ ಶಿಕ್ಷೆಯಾಯಿತು. ಆದ್ದರಿಂದಲೇ ಎಲ್ಲದಕ್ಕೂ ಪೊಲೀಸ್ ಠಾಣೆ ಉತ್ತರವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ತೆಗೆದುಹಾಕಿದ್ದು ‘ಕಿರಿಕಿರಿ’ಯಂಥ ಅಳತೆಯಿಲ್ಲದ ಪದಗಳ ಮೇಲೆ ಯಾರನ್ನೂ ಹಿಡಿಯಬಹುದಾಗಿತ್ತು ಎಂಬ ಕಾರಣಕ್ಕೆ. ಹಿಂಸೆಗೆ ಕರೆ ಕೊಟ್ಟರೆ, ದ್ವೇಷ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಮುಗಳಿವೆ. ಉಳಿದದ್ದನ್ನು ಸಮಾಜ ಮಾತಿನಲ್ಲೇ ತೀರಿಸಿಕೊಳ್ಳಬೇಕು. ಆದರೆ ನಗಿಸುವವರೂ ಒಂದನ್ನು ಒಪ್ಪಬೇಕು. ಅಧಿಕಾರದಲ್ಲಿ ಇರುವವರನ್ನು ಕುಟುಕುವುದಕ್ಕೂ ಉತ್ತರ ಕೊಡಲಾಗದವರನ್ನು ಅಣಕಿಸುವುದಕ್ಕೂ ಒಂದೇ ತೂಕವಿಲ್ಲ.

ಹಳೆಯ ರಂಗದ ಹಾಸ್ಯವೆಲ್ಲ ಚೊಕ್ಕವಾಗಿತ್ತೇ ಎಂದು ಯಾರಾದರೂ ಕೇಳಬಹುದು. ಇರಲಿಲ್ಲ. ಜಾತಿ, ಹೆಣ್ಣು, ಅಂಗವಿಕಲತೆಯ ಮೇಲಿನ ಕೀಳು ನಗೆ ಬಯಲಾಟದಲ್ಲೂ ನಡೆದಿದೆ, ಎದುರು ಕೂತು ಮಾತಾಡಲಾಗದವರೇ ಅದನ್ನು ನುಂಗಿಕೊಂಡಿದ್ದಾರೆ. ಹಳೆಯ ಕಾಲಕ್ಕೆ ಮರಳುವುದು ಪರಿಹಾರವಲ್ಲ. ಆ ರಂಗದಿಂದ ಎತ್ತಿಕೊಳ್ಳಬೇಕಾದದ್ದು ಒಂದೇ: ಮಾತನ್ನು ಆಡಿದವನ ಎದುರೇ ಕೇಳುವ, ಆಟ ಹದ ಮೀರಿದಾಗ ಯಾರಾದರೊಬ್ಬರು ಪದ ಎತ್ತಿಕೊಳ್ಳುವ ಕ್ರಮ. ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್, ಪುಟ ನಡೆಸುವವರು, ಊರಿನ ನಾಲ್ಕು ಮಂದಿ ಮಾತು ಕೇಳುವ ಹಿರಿಯರು ಆ ಭಾಗವತಿಕೆ ಮಾಡಬಲ್ಲರು. ಇಂಥದ್ದೊಂದು ತುಣುಕು ನಿಮ್ಮ ಮೊಬೈಲಿಗೆ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ನೊಂದವರು ಯಾರು, ಅವರು ಏನು ಹೇಳುತ್ತಿದ್ದಾರೆ? ಅವರ ಮಾತು ಗೊತ್ತಿದ್ದರೆ ಅದನ್ನೇ ಹಂಚಿ. ಗೊತ್ತಿಲ್ಲದಿದ್ದರೆ ಆ ಜಗಳ ನಿಮ್ಮದಲ್ಲ, ಅವರದ್ದೂ ಅಲ್ಲ. ಅದನ್ನು ಅಲ್ಲಿಗೇ ಬಿಟ್ಟುಬಿಡಿ.