ಅಣು ತ್ಯಾಜ್ಯದ ರೈಲು: ಹೆದರಬೇಕಾದದ್ದು ಯಾವುದಕ್ಕೆ?

ಬಳ್ಳಾರಿಯ ರೈಲ್ವೆ ಗೇಟಿನಲ್ಲಿ ಕಾದು ನಿಲ್ಲುವ ಕರೂರು, ಸಿರುಗುಪ್ಪ ಕಡೆಯವರಿಗೆ ಗೂಡ್ಸ್ ಗಾಡಿ ಎಂದರೆ ಅದಿರು, ಕಲ್ಲಿದ್ದಲು, ಮೈಮೇಲೆ ಬೀಳುವ ಧೂಳು. ಅಣು ತ್ಯಾಜ್ಯದ ಮಾತು ಬಂದಾಗ ಕಣ್ಣೆದುರು ನಿಲ್ಲುವುದೂ ಇದೇ ಚಿತ್ರ. ಅಲ್ಲಿಂದಲೇ ತಪ್ಪು ಶುರುವಾಗುತ್ತದೆ.

ತಪ್ಪು ಕಲ್ಪನೆ: ಗಾಡಿ ಹಳಿ ತಪ್ಪಿದರೆ ಅಣುಬಾಂಬಿನಂತೆ ಸಿಡಿಯುತ್ತದೆ.

ಸತ್ಯ: ಸಿಡಿಯುವುದಿಲ್ಲ. ಇಲ್ಲಿ ತ್ಯಾಜ್ಯ ಎಂದರೆ ಅಣು ಸ್ಥಾವರದಲ್ಲಿ ಉರಿದ ಇಂಧನ. ನಮ್ಮ ಕೈಗಾ ಅಣು ಸ್ಥಾವರದ ಇಂಧನ ಸಹಜ ಯುರೇನಿಯಂ. ಸುಟ್ಟ ಮಡಿಕೆಯಷ್ಟು ಗಟ್ಟಿಯಾದ ಪುಟ್ಟ ಬಿಲ್ಲೆಗಳನ್ನು ಲೋಹದ ಕೊಳವೆಗಳಲ್ಲಿ ತುಂಬಿ, ಅಂಥ 19 ಕೊಳವೆ ಸೇರಿಸಿ ಅರ್ಧ ಮೀಟರ್ ಉದ್ದದ ಒಂದು ಕಟ್ಟು ಮಾಡುತ್ತಾರೆ. ಸರಪಳಿ ಕ್ರಿಯೆ ನಡೆಯಲು ಅದರ ಸುತ್ತ ಭಾರಜಲ ಬೇಕು. ಹಳಿ ಪಕ್ಕ ಬಿದ್ದಲ್ಲಿ ಅದು ನಡೆಯದು. ಹಾಗೆಂದು ಉರಿದ ಇಂಧನ ಸಾಧುವಲ್ಲ. ಮರೆಯಿಲ್ಲದೆ ಹತ್ತಿರ ಹೋದವರ ಜೀವ ತೆಗೆಯುವಷ್ಟು ವಿಕಿರಣ ಅದರಲ್ಲಿರುತ್ತದೆ. ಅದಕ್ಕೇ ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಿ, ಆಮೇಲೆ ದಪ್ಪ ಗೋಡೆಯ ಭಾರೀ ಪೆಟ್ಟಿಗೆಯಲ್ಲಿ ಮುಚ್ಚಿ ಸಾಗಿಸುವುದು.

ತಪ್ಪು ಕಲ್ಪನೆ: ಡಿಕ್ಕಿಯಾದರೆ ಪೆಟ್ಟಿಗೆ ಒಡೆದೇ ಒಡೆಯುತ್ತದೆ.

ಸತ್ಯ: ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ಪೆಟ್ಟಿಗೆ 9 ಮೀಟರ್ ಎತ್ತರದಿಂದ ಬಗ್ಗದ ನೆಲಕ್ಕೆ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ಇದ್ದರೂ ತಡೆದುಕೊಳ್ಳಬೇಕು. 1984ರಲ್ಲಿ ಬ್ರಿಟನ್ನಿನ ಓಲ್ಡ್ ಡಾಲ್ಬಿಯಲ್ಲಿ ಗಂಟೆಗೆ 160 ಕಿ.ಮೀ. ವೇಗದ ರೈಲನ್ನೇ ಇಂಥದೊಂದು ಪೆಟ್ಟಿಗೆಗೆ ಗುದ್ದಿಸಿ ನೋಡಿದರು. ಎಂಜಿನ್ ನಜ್ಜುಗುಜ್ಜಾಯಿತು, ಪೆಟ್ಟಿಗೆ ಉಳಿಯಿತು.

ತಪ್ಪು ಕಲ್ಪನೆ: ಹಾಗಾದರೆ ಅಪಾಯವೇ ಇಲ್ಲ.

ಇದು ಮೊದಲಿನ ಎರಡಕ್ಕಿಂತ ಕೆಟ್ಟದ್ದು, ಏಕೆಂದರೆ ಓದಿದವರೂ ಇದನ್ನು ನಂಬುತ್ತಾರೆ. 2001ರಲ್ಲಿ ಅಮೆರಿಕದ ಬಾಲ್ಟಿಮೋರ್ ಸುರಂಗದಲ್ಲಿ ಗೂಡ್ಸ್ ರೈಲಿಗೆ ಬೆಂಕಿ ಬಿತ್ತು. ಅದರಲ್ಲಿ ಅಣು ತ್ಯಾಜ್ಯ ಇರಲಿಲ್ಲ. ಆದರೆ ಆ ಬೆಂಕಿ 30 ನಿಮಿಷಕ್ಕೆ ಆರಲಿಲ್ಲ, ದಿನಗಟ್ಟಲೆ ಉರಿಯಿತು. ಅಲ್ಲಿನ ಅಣು ನಿಯಂತ್ರಣ ಆಯೋಗ, ಅಂಥ ಬೆಂಕಿಗೆ ಪೆಟ್ಟಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಕೂತು ಲೆಕ್ಕ ಹಾಕಬೇಕಾಯಿತು. ಜರ್ಮನಿಯಲ್ಲಿ 1998ರಲ್ಲಿ ಆದದ್ದು ಇನ್ನೂ ಪಾಠದಂಥದ್ದು. ಯಾವ ಅಪಘಾತವೂ ಆಗಿರಲಿಲ್ಲ. ಪೆಟ್ಟಿಗೆಗಳ ಹೊರಮೈಯಲ್ಲೇ ಮಿತಿ ಮೀರಿ ವಿಕಿರಣಶೀಲ ಕಲ್ಮಶ ಅಂಟಿಕೊಂಡಿತ್ತು. ಉದ್ಯಮದವರಿಗೆ ಮೊದಲೇ ಗೊತ್ತಿದ್ದರೂ ಬಾಯಿಬಿಟ್ಟಿರಲಿಲ್ಲ. ಆಗ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಸಾಗಣೆಯನ್ನೇ ನಿಲ್ಲಿಸಿದರು.

ತಪ್ಪು ಕಲ್ಪನೆ: ಕೋಲಾರದ ಕೆಜಿಎಫ್ ಚಿನ್ನದ ಗಣಿಗಳಲ್ಲಿ ಆಗಲೇ ತ್ಯಾಜ್ಯ ಹೂತಿದ್ದಾರೆ.

ಸತ್ಯ: ಇಲ್ಲ. 1980ರ ದಶಕದಲ್ಲಿ ಅಲ್ಲಿ ಸುಮಾರು ಒಂದು ಕಿ.ಮೀ. ಆಳದಲ್ಲಿ ನಡೆದದ್ದು ಪ್ರಯೋಗ: ತ್ಯಾಜ್ಯದ ಬದಲು ವಿದ್ಯುತ್ ಹೀಟರ್ ಇಟ್ಟು ಬಂಡೆ ಶಾಖಕ್ಕೆ ಹೇಗೆ ವರ್ತಿಸುತ್ತದೆಂದು ಅಳೆದರು. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ತ್ಯಾಜ್ಯ ಕೋಲಾರಕ್ಕೆ ಬರುತ್ತದೆಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಣುಶಕ್ತಿ ಇಲಾಖೆ ಅದನ್ನು ಅಲ್ಲಗಳೆಯಿತು. ಹೀಟರಿನ ಪ್ರಯೋಗದ ವಿಷಯವನ್ನು ಇಲಾಖೆಯವರು ಆ ಊರಿನ ಜನರ ಮುಂದೆ ಕನ್ನಡದಲ್ಲಿ, ತಮಿಳಿನಲ್ಲಿ ಬಿಡಿಸಿ ಹೇಳಬೇಕಿತ್ತು, ಜನ ಬೀದಿಗೆ ಬರುವ ಮೊದಲೇ.