ಮನಸ್ಸು ಭಾರವಾದಾಗ ಯಾವ ಯೋಗ ಕ್ಲಾಸಿಗೆ ಹೋಗಬೇಕು?

ಮೊಬೈಲಿನಲ್ಲಿ ‘ಹತ್ತಿರದ ಯೋಗ ಕ್ಲಾಸ್’ ಅಂತ ಹುಡುಕಿದರೆ ಮುಂಬೈಯಾಗಲಿ ಪುಣೆಯಾಗಲಿ, ನಡೆದು ಹೋಗುವಷ್ಟು ದೂರದಲ್ಲೇ ಐದಾರು ಹೆಸರು ಬರುತ್ತವೆ. ತೂಕ ಇಳಿಸುವ ಯೋಗ, ಪವರ್ ಯೋಗ, ಗರ್ಭಿಣಿಯರ ಯೋಗ, ಈಗ ಹೊಸದಾಗಿ ‘ಸ್ಟ್ರೆಸ್ ರಿಲೀಫ್’ ಯೋಗ. ಬೋರ್ಡಿನ ಮೇಲೆ ಹೀಗೆ ಬರೆಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಬೋರ್ಡ್ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ನಮ್ಮ ಮನೆಗಳಲ್ಲಿ ಮನಸ್ಸಿನ ಕಾಯಿಲೆಯನ್ನು ಅದರ ಹೆಸರು ಹಿಡಿದು ಕರೆಯೋದು ಕಡಿಮೆ. ಕನ್ನಡದಲ್ಲಿ ‘ಯಾಕೋ ಬೇಜಾರು’, ‘ಎದೆ ಡವಡವ ಅಂತದೆ’ ಅಂತೀವಿ. ದಖ್ಖನಿಯಲ್ಲಾದರೆ ‘ದಿಲ್ ಘಬ್ರಾರಾ’, ‘ನೀಂದ್ ನೈ ಆರೀ’. ಶಾಲೆಯಲ್ಲಿ ತಾಯಂದಿರ ಸಭೆ ಮುಗಿದ ಮೇಲೆ, ಎಲ್ಲರೂ ಹೋದ ಬಳಿಕ, ಒಬ್ಬಿಬ್ಬರು ನನ್ನ ಹತ್ತಿರ ಬಂದು ಈ ಮಾತುಗಳನ್ನೇ ಹೇಳುತ್ತಾರೆ. ಮದುವೆಯಾಗಿ ಕಲಬುರಗಿಯಿಂದಲೋ ವಿಜಯಪುರದಿಂದಲೋ ಇಲ್ಲಿಗೆ ಬಂದವರು. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮರಾಠಿ ಅಷ್ಟಾಗಿ ಬರೋದಿಲ್ಲ, ತವರು ದೂರ. ಸೈಕಿಯಾಟ್ರಿಸ್ಟ್ ಹತ್ತಿರ ಹೋಗು ಅಂದರೆ ‘ನನಗೇನು ಹುಚ್ಚಾ ಆಪಾ?’ ಅಂತ ಮುಖ ಕೆಂಪು ಮಾಡಿಕೊಳ್ಳುತ್ತಾರೆ. ಯೋಗ ಕ್ಲಾಸ್ ಅಂದರೆ ಆ ಹೆದರಿಕೆ ಇಲ್ಲ. ಸೊಂಟನೋವಿಗೆ ಹೋಗ್ತೀನಿ ಅಂತ ಅತ್ತೆಗೆ ಹೇಳಿ ಬರಬಹುದು! ಹೀಗೆ ಎಷ್ಟೋ ಜನರಿಗೆ ಯೋಗ ಕ್ಲಾಸೇ ಚಿಕಿತ್ಸೆಯ ಮೊದಲ ಬಾಗಿಲು ಆಗಿಬಿಡುತ್ತದೆ. ಆ ಬಾಗಿಲ ಹಿಂದೆ ಯಾರಿದ್ದಾರೆ ಎಂಬುದು ಅದಕ್ಕೇ ಮುಖ್ಯ.

ಯೋಗದಿಂದ ಮನಸ್ಸಿಗೆ ಏನಾಗುತ್ತದೆ? ಉಸಿರಿನಿಂದ ಶುರು ಮಾಡೋಣ. ಗಾಬರಿಯಾದಾಗ ಉಸಿರು ಮೇಲುಮೇಲಕ್ಕೆ, ಬೇಗಬೇಗ ಬರುತ್ತದೆ. ಅದೇ ಉಸಿರನ್ನು ನಿಮಿಷಕ್ಕೆ ಆರರಷ್ಟು ನಿಧಾನ ಮಾಡಿ, ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಇಳಿಯುತ್ತದೆ. ‘ಅಪಾಯ ಮುಗಿಯಿತು’ ಎಂಬ ಸುದ್ದಿ ದೇಹದಿಂದ ಮೆದುಳಿಗೆ ಹೋಗುತ್ತದೆ. ಭ್ರಾಮರಿಯಲ್ಲಿ ದುಂಬಿಯ ಹಾಗೆ ಗುಂಯ್‌ಗುಡುವಾಗ ಆಗುವುದೂ ಇದೇ, ಉಸಿರು ಬಿಡುವ ಹೊತ್ತು ತಾನಾಗಿ ಉದ್ದವಾಗುತ್ತದೆ. ಇದರ ಜೊತೆ ಮೈಕೈ ಆಡುತ್ತದೆ, ದಿನಕ್ಕೊಂದು ಹೊತ್ತು ನಿಗದಿಯಾಗುತ್ತದೆ, ನಾಲ್ಕು ಜನರ ಮುಖ ಕಾಣುತ್ತದೆ. ಕೊನೆಯದು ಸಣ್ಣದು ಅಂತ ಅನಿಸಬಹುದು. ನಾಲ್ಕು ಗೋಡೆಯೊಳಗೆ ಇರುವವರಿಗೆ ಅದು ಸಣ್ಣದಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಬಹಳ ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಖಿನ್ನತೆಯವರಿಗೆ, ಸ್ಕಿಜೋಫ್ರೇನಿಯಾ ಇರುವವರಿಗೆ ಕೂಡ ಅಲ್ಲಿ ಯೋಗ ಕಲಿಸಿ ಫಲ ನೋಡಿದ್ದಾರೆ. ಆದರೆ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಯೋಗವನ್ನು ಕೊಟ್ಟದ್ದು ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ. ಈ ಒಂದು ವ್ಯತ್ಯಾಸ ಬೀದಿಯ ಕ್ಲಾಸಿಗೆ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ನನ್ನ ಪರಿಚಯದ ಒಬ್ಬರು ಖಿನ್ನತೆಗೆ ಮಾತ್ರೆ ತಗೊಳ್ತಿದ್ದರು. ಯೋಗದ ಗುರು ‘ಈ ಮಾತ್ರೆ ವಿಷ, ನನ್ನ ಹತ್ತಿರ ಒಂದು ತಿಂಗಳು ಬನ್ನಿ ಸಾಕು’ ಅಂದರಂತೆ. ಅವರು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟರು. ತಲೆಸುತ್ತು, ಮೈಯೊಳಗೆ ಕರೆಂಟ್ ಹೊಡೆದ ಹಾಗೆ, ಸಿಡುಕು. ಕೆಲವೇ ವಾರಗಳಲ್ಲಿ ಹಳೆಯ ಕತ್ತಲೆ ಮರಳಿ ಬಂತು. ಖಿನ್ನತೆಯ ಮಾತ್ರೆಯನ್ನು ಡಾಕ್ಟರೇ ಆದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಔಷಧ ಬಿಡಿ ಅನ್ನುವ ಕ್ಲಾಸ್ ಎಷ್ಟೇ ಹೆಸರಾಗಿರಲಿ, ಫೀಸ್ ಕಟ್ಟಿಯಾಗಿರಲಿ, ಎದ್ದು ಬನ್ನಿ.

ಸರ್ಟಿಫಿಕೇಟ್ ಕೇಳಬಹುದು, ಕೇಳಲೇಬೇಕು. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ 2018ರಲ್ಲಿ ಶುರುವಾಯಿತು. ಅದರ ಪರೀಕ್ಷೆಗಳಲ್ಲಿ ಯೋಗ ಕಲಿಸುವವರ ಸಾಲು ಬೇರೆ, ಯೋಗ ಥೆರಪಿಸ್ಟ್ ಸಾಲು ಬೇರೆ. ಆರೋಗ್ಯವಂತರಿಗೆ ಆಸನ ಹೇಳಿಕೊಡಲು ಕಲಿತವರು ಕಾಯಿಲೆ ಇರುವವರಿಗೆ ಕಲಿಸಲು ಕಲಿತಿರಬೇಕು ಅಂತೇನಿಲ್ಲ. ಆದರೆ ನಾನೂ ಬಿ.ಎಡ್. ಮಾಡಿದವಳು, ಕಾಗದ ಇದ್ದ ಮಾತ್ರಕ್ಕೆ ಯಾರೂ ಒಳ್ಳೆಯ ಟೀಚರ್ ಆಗೋದಿಲ್ಲ ಅಂತ ಚೆನ್ನಾಗಿ ಗೊತ್ತು. ಒಂದು ದಿನ ಸುಮ್ಮನೆ ಕೂತು ಕ್ಲಾಸ್ ನೋಡಿ. ಬಗ್ಗಲಾಗದವರನ್ನು, ತಡವಾಗಿ ಬಂದವರನ್ನು, ನಡುವೆ ಅತ್ತವರನ್ನು ಗುರು ಹೇಗೆ ನಡೆಸಿಕೊಳ್ಳುತ್ತಾರೆ ನೋಡಿ. ಹೌದು, ಯೋಗ ಮಾಡುವಾಗ ಕೆಲವರಿಗೆ ಅಳು ಬರುತ್ತದೆ, ಶವಾಸನದಲ್ಲಿ ಅಂತೂ ಹೆಚ್ಚು. ಒಳ್ಳೆಯ ಗುರು ಅದನ್ನು ದೊಡ್ಡದು ಮಾಡೋದೂ ಇಲ್ಲ, ಗದರೋದೂ ಇಲ್ಲ.

ಹೊಡೆತ, ದೌರ್ಜನ್ಯ, ಅಪಘಾತ, ಗಲಭೆ ಇಂಥದ್ದನ್ನು ಕಂಡು ಬಂದವರ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಅವರ ಸಂಗಡಿಗರು ಇಂಥ ಆಘಾತದಿಂದ ಬಳಲುತ್ತಿದ್ದ, ಚಿಕಿತ್ಸೆಗೆ ಸರಿಯಾಗಿ ಸ್ಪಂದಿಸದಿದ್ದ 64 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 10 ವಾರ ಯೋಗ ಮಾಡಿದ ಗುಂಪಿನ ಅರ್ಧದಷ್ಟು ಮಂದಿಗೆ ಆ ಕಾಯಿಲೆಯ ಹೆಸರಿಡುವಷ್ಟು ಲಕ್ಷಣ ಉಳಿದಿರಲಿಲ್ಲ. ಅಲ್ಲಿ ಕಲಿಸಿದ ರೀತಿ ಬೇರೆ. ‘ಕಣ್ಣು ಮುಚ್ಚಿ’ ಅಂತ ಹೇಳೋದಿಲ್ಲ, ‘ಬೇಕಿದ್ದರೆ ಮುಚ್ಚಬಹುದು’ ಅಂತಾರೆ. ಭಂಗಿ ಸರಿಮಾಡಲು ಮೈ ಮುಟ್ಟೋದಿಲ್ಲ. ಬೇಡ ಅನಿಸಿದರೆ ನಿಲ್ಲಿಸುವ ಹಕ್ಕು ಕಲಿಯುವವರದು. ಇಷ್ಟು ನಮ್ಮ ಗಲ್ಲಿಯ ಕ್ಲಾಸಿನಲ್ಲೂ ಕೇಳಬಹುದು, ಖರ್ಚೇನೂ ಇಲ್ಲ. ‘ಮುಟ್ಟದೆ ಹೇಳಿಕೊಡ್ತೀರಾ ಮೇಡಂ?’ ಅಂದಾಗ ಅವರು ನಕ್ಕುಬಿಟ್ಟರೆ ಅಲ್ಲೇ ಉತ್ತರ ಸಿಕ್ಕಿತು.

ಕಪಾಲಭಾತಿ, ಭಸ್ತ್ರಿಕಾ ಥರದ ವೇಗದ ಉಸಿರಾಟ ಗಾಬರಿ ಇರುವವರಲ್ಲಿ ಕೆಲವರಿಗೆ ಗಾಬರಿಯನ್ನೇ ಹೆಚ್ಚಿಸುತ್ತದೆ, ಅದನ್ನು ಮೊದಲ ದಿನವೇ ಮಾಡಿಸಬಾರದು. ಬಿ.ಪಿ. ಅಥವಾ ಕಣ್ಣಿನ ಗ್ಲಾಕೋಮಾ ಇದ್ದರೆ ಶೀರ್ಷಾಸನ ಬೇಡ. ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದವರು ದಿನವಿಡೀ ಮೌನ, ಧ್ಯಾನ ಇರುವ ಶಿಬಿರಕ್ಕೆ ತಮ್ಮ ಡಾಕ್ಟರಿಗೆ ಹೇಳದೆ ಹೋಗಬಾರದು.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ ಮಂತ್ರದ್ದು. ಇದರಲ್ಲಿ ಒಬ್ಬೊಬ್ಬರ ಮನಸ್ಸು ಒಂದೊಂದು ಥರ, ನಾನು ಫತ್ವಾ ಕೊಡುವವಳಲ್ಲ. ಚರಿತ್ರೆಯ ಮಾತು ಬೇಕಿದ್ದರೆ, 11ನೇ ಶತಮಾನದಲ್ಲಿ ಅಲ್‌ಬಿರೂನಿ ಪತಂಜಲಿಯ ಯೋಗವನ್ನು ಅರಬ್ಬಿಗೆ ತಂದರು. 16ನೇ ಶತಮಾನದ ಶತ್ತಾರಿ ಸೂಫಿ ಗ್ವಾಲಿಯರ್‌ನ ಮುಹಮ್ಮದ್ ಘೌಸ್ ಉಸಿರು ಮತ್ತು ಆಸನಗಳ ಬಗ್ಗೆ ಪಾರ್ಸಿಯಲ್ಲಿ ‘ಬಹ್ರುಲ್ ಹಯಾತ್’ ಬರೆದರು. ವ್ಯವಹಾರದ ಮಾತು ಬೇಕಿದ್ದರೆ, ಸೇರುವ ಮೊದಲೇ ಕೇಳಿ: ಮಂತ್ರ ಹೇಳುವಾಗ ಸುಮ್ಮನೆ ಕೂರಬಹುದೇ? ಹೆಂಗಸರಿಗೆ ಬೇರೆ ಬ್ಯಾಚ್ ಇದೆಯೇ? ದುಪಟ್ಟಾ, ಸಡಿಲ ಸಲ್ವಾರ್ ನಡೆಯುತ್ತದೆಯೇ? ಉಸಿರು ನಿಧಾನ ಆಗೋದಕ್ಕೆ ಇದ್ಯಾವುದೂ ಅಡ್ಡಿಯಲ್ಲ.

ಎಲ್ಲಿ ಹುಡುಕೋದು? ಮುಂಬೈಯಲ್ಲಿ ಸಾಂತಾಕ್ರೂಜ್‌ನ ಯೋಗ ಇನ್‌ಸ್ಟಿಟ್ಯೂಟ್ 1918ರದು. ಲೋಣಾವಳದ ಕೈವಲ್ಯಧಾಮ 1924ರದು, ಅದರದ್ದೊಂದು ಕೇಂದ್ರ ಮರೀನ್ ಡ್ರೈವ್‌ನಲ್ಲಿದೆ. ಪುಣೆಯಲ್ಲಿ 1975ರಲ್ಲಿ ಶುರುವಾದ ಅಯ್ಯಂಗಾರ್ ಸಂಸ್ಥೆ ಇದೆ. ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಕುರ್ಚಿ, ಹಗ್ಗ, ಬೆಲ್ಟ್, ಮರದ ಇಟ್ಟಿಗೆ ಆನಿಸಿ ಕಲಿಸುವ ಅವರ ಪದ್ಧತಿ ಮೈ ಬಗ್ಗದವರಿಗೆ ಬಹಳ ಅನುಕೂಲ. ಮೈಸೂರು ಅರಮನೆಯಲ್ಲಿ ಯೋಗ ಕಲಿಸಿದ, ಅಯ್ಯಂಗಾರರ ಗುರುವೂ ಭಾವನೂ ಆದ ಕೃಷ್ಣಮಾಚಾರ್ಯರ ಹೆಸರಿನ ಯೋಗ ಮಂದಿರಂ 1976ರಿಂದ ಚೆನ್ನೈಯಲ್ಲಿದೆ. ಒಬ್ಬೊಬ್ಬರಿಗೆ ಅವರವರ ದೇಹ, ಮನಸ್ಸು ನೋಡಿ ಬೇರೆ ಬೇರೆ ಪಾಠ ಕಟ್ಟಿಕೊಡುವುದು ಅಲ್ಲಿನ ಸಂಪ್ರದಾಯ. ಗುಂಪಿನಲ್ಲಿ ಕೂರಲು ಹಿಂಜರಿಯುವವರಿಗೆ ಇದು ಒಳ್ಳೆಯದು. ದೆಹಲಿಯಲ್ಲಿ ಅಶೋಕ ರಸ್ತೆಯ ಮೊರಾರ್ಜಿ ದೇಸಾಯಿ ರಾಷ್ಟ್ರೀಯ ಯೋಗ ಸಂಸ್ಥೆ, ಹೈದರಾಬಾದಿನಲ್ಲಿ ಅಮೀರ್‌ಪೇಟೆಯ ಸರ್ಕಾರಿ ನೇಚರ್ ಕ್ಯೂರ್ ಆಸ್ಪತ್ರೆ. ಇವೆಲ್ಲ ದೂರವಾದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಹಲವು ಕಡೆ ಯೋಗದ ತರಗತಿ ಪುಕ್ಕಟೆ ನಡೆಯುತ್ತದೆ. ವಾರಕ್ಕೆ ಮೂರು ದಿನ ನಡೆದು ಹೋಗಬಹುದಾದ ಸಾಧಾರಣ ಕ್ಲಾಸು, ಎರಡು ಲೋಕಲ್ ಬದಲಿಸಿ ಹೋಗಬೇಕಾದ ಹೆಸರುವಾಸಿ ಕ್ಲಾಸಿಗಿಂತ ಮೇಲು ಅಂತ ನನ್ನ ಅಭಿಪ್ರಾಯ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ, ಯಾರೋ ಮಾತಾಡಿದ ಹಾಗೆ ಕಿವಿಗೆ ಕೇಳುತ್ತಿದ್ದರೆ, ದಿನಗಟ್ಟಲೆ ಊಟ ನಿದ್ದೆ ಇಲ್ಲದಿದ್ದರೆ ಯೋಗ ಕ್ಲಾಸ್ ಹುಡುಕುವ ಹೊತ್ತಲ್ಲ ಅದು. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಮುಂಬೈಯ ಕೆಇಎಂ, ಸಾಯನ್, ನಾಯರ್, ಪುಣೆಯ ಸಸೂನ್ ಆಸ್ಪತ್ರೆಗಳಲ್ಲಿ ಮನೋವೈದ್ಯರ ಓಪಿಡಿ ಇದೆ.

ರಂಜಾನ್ ತಿಂಗಳಿನ ಬಗ್ಗೆ ಒಂದು ಮಾತು. ರೋಜಾ ಇದ್ದಾಗ ಬೆವರು ಹರಿಸುವ ಆಸನ ಬಿಟ್ಟು, ಇಫ್ತಾರಿಗೆ ಮೊದಲು ಹತ್ತು ನಿಮಿಷ ನಿಧಾನ ಉಸಿರಾಟ ಸಾಕು ಅಂತ ಕ್ಲಾಸಿನವರಿಗೆ ಮೊದಲೇ ಹೇಳಿಡಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಸೆಹ್ರಿ, ಇಫ್ತಾರ್ ಹೊತ್ತಿಗೆ ಡೋಸ್ ಹೊಂದಿಸಿಕೊಡಿ ಅಂತ ಶಾಬಾನ್‌ನಲ್ಲೇ ಡಾಕ್ಟರನ್ನು ಕೇಳಬೇಕು. ಲಿಥಿಯಂ ತಗೊಳ್ಳುವವರಂತೂ ಕೇಳದೆ ರೋಜಾ ಹಿಡಿಯಬಾರದು. ದಿನವಿಡೀ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು.